ಮೊಬೈಲಿನಲ್ಲಿ ಸಭೆಯ ಮಾಸಪತ್ರಿಕೆ

ನಮ್ಮ ಕ್ರೈಸ್ತ ಸಭೆಯ ಮಾಸಪತ್ರಿಕೆ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತಿರುವುದರಿಂದ, ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ನಮ್ಮಂಥವರು ಅಂಚೆಗಾಗಿ ಕಾಯಬೇಕಿಲ್ಲ. ಭಾನುವಾರದ ವೇದಪಾಠಗಳ ಪಟ್ಟಿಯೂ ಅದರ ಕೆಳಗಿನ ಟಿಪ್ಪಣಿಗಳೂ ಅಚ್ಚುಕಟ್ಟಾಗಿವೆ. ಆದರೆ ಪುಟಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಏರಿಸಿರುವ ಕಾರಣ, ಎರಡು ಅಂಕಣಗಳ ಸಣ್ಣ ಅಕ್ಷರಗಳನ್ನು ಹಿಗ್ಗಿಸಿ, ಪರದೆಯನ್ನು ಅತ್ತಿತ್ತ ಸರಿಸುತ್ತಲೇ ಓದಬೇಕು. ಹೆಸರೊಂದನ್ನು ಹುಡುಕಿದರೆ ಸಿಗದು, ಒತ್ತಕ್ಷರಗಳಂತೂ ಬರೀ ಮಸಿಯ ಚುಕ್ಕೆಗಳು. 1843ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿ ಮೋಗ್ಲಿಂಗ್ ಆರಂಭಿಸಿದ, ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವು ಮರುವರ್ಷ 'ಕನ್ನಡ ಸಮಾಚಾರ'ವೆಂಬ ಹೆಸರಿನಲ್ಲಿ ಅಚ್ಚಾದದ್ದು ಇದೇ ಬಳ್ಳಾರಿಯಲ್ಲಿ ಎಂಬುದನ್ನು ಬಲ್ಲವರಿಗೆ ಈ ಅಲಕ್ಷ್ಯ ತುಸು ಹೆಚ್ಚೇ ಕುಟುಕುತ್ತದೆ. ಹುಡುಕಬಲ್ಲ ಅಕ್ಷರರೂಪವಾದ ಯೂನಿಕೋಡ್‌ನಲ್ಲಿ ಕೊಡುವವರೆಗೆ ಮನೆಯ ಹಿರಿಯರಿಗೆ ಅಚ್ಚಿನ ಪ್ರತಿಯನ್ನೇ ತರಿಸಿಕೊಡುವುದು ಒಳಿತು.