ಎಪ್ಪತ್ತು ಸಾಲಿನ ಮಾನಿಟರ್

ಪ್ರತಿ ತಿಂಗಳು 14ನೇ ತಾರೀಕು ಜಿಎಸ್‌ಟಿಆರ್-2ಬಿ ಬರುತ್ತದೆ, ಅಂದರೆ ಸಪ್ಲೈಯರುಗಳು ತೋರಿಸಿದ ಬಿಲ್ಲುಗಳ ಸರ್ಕಾರಿ ಪಟ್ಟಿ. 20ರೊಳಗೆ 3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಫೈಲ್ ಆಗಬೇಕು. ಈ ಆರು ದಿನ ನಮ್ಮನೆಯಲ್ಲಿ ಅಡುಗೆ ಅಂದರೆ ಅನ್ನ, ತಿಳಿಸಾರು, ಹಪ್ಪಳ. ಯಾರೂ ಗೊಣಗುವ ಹಾಗಿಲ್ಲ.

ಮುಂಬೈಯ ಮುಲುಂಡ್‌ನ ಚಿಕ್ಕ ಫ್ಲಾಟಿನ ಕಿಟಕಿ ಪಕ್ಕ ಕೂತು ನಾನು ಹದಿನೇಳು ಅಂಗಡಿಗಳ ಲೆಕ್ಕ ನೋಡುತ್ತೇನೆ. ಹೆಚ್ಚಿನವರು ನಮ್ಮ ಊರ ಕಡೆಯವರೇ. ಹೋಟೆಲಿನವರದ್ದು ಸಲೀಸು. 5 ಪರ್ಸೆಂಟ್ ತೆರಿಗೆ, ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವುದು) ಇಲ್ಲ, ಹಾಗಾಗಿ ತಾಳೆ ನೋಡುವ ರಗಳೆಯೂ ಕಡಿಮೆ. ಕಣ್ಣು ಕೆಡಿಸುವುದು ಹೋಟೆಲಿಗೆ ಪಾತ್ರೆ, ಗ್ರೈಂಡರು ಮಾರುವವರ ಲೆಕ್ಕ. ಎಡಕ್ಕೆ ಖರೀದಿ ಪಟ್ಟಿ, ಬಲಕ್ಕೆ 2ಬಿ. ಒಂದೊಂದೇ ಬಿಲ್ಲು ಹಿಡಿದು ತಾಳೆ ನೋಡಬೇಕು. ಇದನ್ನೆಲ್ಲ ನಾನು ವರ್ಷಗಟ್ಟಲೆ 15.6 ಇಂಚಿನ ಲ್ಯಾಪ್‌ಟಾಪಲ್ಲೇ ಮಾಡಿದೆ. ಎಕ್ಸೆಲ್ ತೆರೆದರೆ ಕಾಣುವುದು 28 ಸಾಲು. ಕಿಟಕಿ ಎರಡು ಮಾಡಿದರೆ ಅರ್ಧ ಕಾಲಂ ಮಾಯ.

ಎರಡು ವರ್ಷದ ಹಿಂದೆ ಒಂದು ತಪ್ಪು ಮಾಡಿದೆ. ಆನ್‌ಲೈನ್ ಸೇಲಲ್ಲಿ ಬಾಗಿದ ಪರದೆಯ 32 ಇಂಚಿನ ಮಾನಿಟರ್, 13 ಸಾವಿರಕ್ಕೆ. ಕಂಪನಿ ಹೆಸರು ಬೇಡ ಬಿಡಿ, ತಪ್ಪು ನನ್ನದೇ. ‘ಫುಲ್ ಎಚ್‌ಡಿ’ ಅಂತ ಬರೆದಿದ್ದನ್ನು ಹೆಗ್ಗಳಿಕೆ ಅಂದುಕೊಂಡೆ. ಅದರರ್ಥ 1920 × 1080 ಚುಕ್ಕೆ, ಅಂದರೆ ಪಿಕ್ಸೆಲ್. ನನ್ನ ಲ್ಯಾಪ್‌ಟಾಪಲ್ಲೂ ಅಷ್ಟೇ ಚುಕ್ಕೆ. ಅಂದರೆ ಅದೇ ರೊಟ್ಟಿಯನ್ನು ದೊಡ್ಡದಾಗಿ ತಟ್ಟಿದ ಹಾಗೆ. ಲ್ಯಾಪ್‌ಟಾಪಲ್ಲಿ ಇಂಚಿಗೆ 141 ಪಿಕ್ಸೆಲ್ ಇದ್ದರೆ ಅದರಲ್ಲಿ ಬರೀ 70. ಹತ್ತಿರ ಕೂತರೆ ಅಕ್ಷರದ ಅಂಚಲ್ಲಿ ಮೆಟ್ಟಿಲು ಕಾಣುತ್ತಿತ್ತು. ಕನ್ನಡದಲ್ಲಿ ಏನಾದರೂ ಟೈಪ್ ಮಾಡಿದರೆ ಪ ಯಾವುದು, ಷ ಯಾವುದು ಗೊತ್ತಾಗುತ್ತಿರಲಿಲ್ಲ. ಒತ್ತಕ್ಷರ ಇದ್ದಲ್ಲಿ ಬರೀ ಮಸಿ.

ಜಿಎಸ್‌ಟಿ ನಂಬರಿಗೆ 15 ಅಕ್ಷರ. ಮಹಾರಾಷ್ಟ್ರದ್ದಾದರೆ 27ರಿಂದ ಶುರು, ಕರ್ನಾಟಕದ್ದಾದರೆ 29ರಿಂದ. ಅದರ ನಡುವೆ ಇಂಗ್ಲಿಷ್‌ನ ಬಿ ಅಕ್ಷರ, ಎಂಟು, ಆರು ಎಲ್ಲ ಬರುತ್ತವೆ. ಒಂದು ಸಲ ನಾನು ಬಿ ಅನ್ನು ಎಂಟು ಅಂತ ಓದಿದೆ. ಬಿಲ್ಲು 2ಬಿಯಲ್ಲಿ ಇದ್ದರೂ ಇಲ್ಲ ಅಂತ ಗುರುತು ಹಾಕಿ, ಪಾಪ ಆ ಸಪ್ಲೈಯರಿಗೆ ಫೋನ್ ಮಾಡಿ ಜೋರು ಮಾಡಿದೆ. ಆಮೇಲೆ ಮತ್ತೆ ಫೋನ್ ಮಾಡಿ ‘ಅಣ್ಣ, ತಪ್ಪು ನಂದೇ’ ಅನ್ನಬೇಕಾಯಿತು. ಅವತ್ತೇ ತೀರ್ಮಾನ ಮಾಡಿದೆ.

ಈ ಸಲ ಕಣ್ಣಲ್ಲಿ ನೋಡದೆ ತಗೊಳ್ಳಬಾರದು ಅಂತ 2025ರ ದೀಪಾವಳಿ ಆದಮೇಲೆ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಮುಲುಂಡ್‌ನಿಂದ ದಾದರ್, ಅಲ್ಲಿ ವೆಸ್ಟರ್ನ್ ಲೈನಿನ ಸ್ಲೋ ಹಿಡಿದು ಗ್ರಾಂಟ್ ರೋಡ್. ಮೊದಲ ಅಂಗಡಿಯ ಹುಡುಗ ಮಾನಿಟರಿನಲ್ಲಿ ಗಿಳಿ ತೋರಿಸಿದ, ಜಲಪಾತ ತೋರಿಸಿದ. ಬಣ್ಣ ಏನೋ ಚೆಂದ. ಆದರೆ ನಾನು ಗಿಳಿಗೆ ರಿಟರ್ನ್ ಫೈಲ್ ಮಾಡುವುದಿಲ್ಲವಲ್ಲ. ಪರ್ಸಿನಿಂದ ಪೆನ್‌ಡ್ರೈವ್ ತೆಗೆದು, ‘ಇದರಲ್ಲಿರೋ ಎಕ್ಸೆಲ್ ಶೀಟ್ ತೆಗಿಯಪ್ಪ’ ಅಂದೆ. ಹುಡುಗ ನಕ್ಕ. ನೀವೂ ಮಾನಿಟರ್ ನೋಡಲು ಹೋದರೆ ನಿಮ್ಮ ದಿನದ ಕೆಲಸದ ಫೈಲು ಒಯ್ಯಿರಿ. ಗಿಳಿ ಎಲ್ಲ ಮಾನಿಟರಲ್ಲೂ ಚೆಂದವೇ.

ಶೀಟ್ ತೆಗೆದ ಮೇಲೆ ಅರ್ಧ ಗಂಟೆಯಲ್ಲಿ ಲೆಕ್ಕ ಬಗೆಹರಿಯಿತು. 27 ಇಂಚಿನ 2560 × 1440 ಪರದೆಯಲ್ಲಿ ಇಂಚಿಗೆ 109 ಪಿಕ್ಸೆಲ್. ಓದಲಿಕ್ಕೆ ಅಡ್ಡಿಯಿಲ್ಲ, ಬೆಲೆಯೂ ಕೈಗೆಟಕುವಂಥದ್ದು. ದಿನವಿಡೀ ಮೇಲ್, ವರ್ಡ್, ಒಂದೊಂದು ಶೀಟು ಅನ್ನುವವರಿಗೆ ಇದೇ ಧಾರಾಳ. 34 ಇಂಚಿನ ಅಲ್ಟ್ರಾವೈಡಿನಲ್ಲಿ ಅಗಲ ಬೇಕಾದಷ್ಟಿದೆ, ಎತ್ತರ ಅದೇ 1440. ನನಗೆ ಬೇಕಾಗಿದ್ದು ಸಾಲುಗಳು, ಅದಕ್ಕೆ ಬಿಟ್ಟೆ. ತೆರಿಗೆ ಜಾಸ್ತಿ ಅಂತ ಬಿಟ್ಟಿದ್ದಲ್ಲ. 32 ಇಂಚು ದಾಟಿದ ಮಾನಿಟರಿಗೆ ಮೊದಲು 28 ಪರ್ಸೆಂಟ್ ಜಿಎಸ್‌ಟಿ ಇತ್ತು, ನಿಜ. 2025ರ ಸೆಪ್ಟೆಂಬರ್ 22ರಿಂದ ದೊಡ್ಡದಕ್ಕೂ ಚಿಕ್ಕದಕ್ಕೂ 18 ಪರ್ಸೆಂಟೇ.

ನಮ್ಮ ಒಬ್ಬ ಹೋಟೆಲ್ ಶೆಟ್ರು ‘ಅಕ್ಕ, 43 ಇಂಚಿನ ಟಿವಿ ಹಾಕಿ, ಅರ್ಧ ರೇಟಿಗೆ ಆಗ್ತದೆ’ ಅಂದಿದ್ದರು. ಅವರ ಮಾತಿಗೆ ಅದನ್ನೂ ನೋಡಿದೆ. ಸುಮಾರು ಟಿವಿಗಳು ಬಣ್ಣದ ಮಾಹಿತಿಯನ್ನು ಅರ್ಧಂಬರ್ಧ ತೋರಿಸುತ್ತವೆ. ಸಿನಿಮಾದಲ್ಲಿ ಗೊತ್ತಾಗುವುದಿಲ್ಲ. ಕೆಂಪು ಅಕ್ಷರದ ಮೈನಸ್ ಅಂಕಿಗಳು ಮಾತ್ರ ಒದ್ದೆ ಕಾಗದದ ಮೇಲೆ ಬರೆದ ಹಾಗೆ ಹರಡಿಕೊಳ್ಳುತ್ತವೆ. ನನ್ನ ಶೀಟಿನಲ್ಲಿ ಮುಖ್ಯವಾದದ್ದೇ ಕೆಂಪು ಅಂಕಿ.

ಕೊನೆಗೆ ತಗೊಂಡಿದ್ದು ಡೆಲ್ ಅಲ್ಟ್ರಾಶಾರ್ಪ್ ಯು3223ಕ್ಯೂಇ. 31.5 ಇಂಚು, 4ಕೆ, ಅಂದರೆ 3840 × 2160. ಇಂಚಿಗೆ 140 ಪಿಕ್ಸೆಲ್. ನನ್ನ ಲ್ಯಾಪ್‌ಟಾಪಿಗೂ ಇದಕ್ಕೂ ಹೆಚ್ಚು ಕಡಿಮೆ ಒಂದೇ ಸಾಂದ್ರತೆ. ಹಾಗಾಗಿ ಲ್ಯಾಪ್‌ಟಾಪಿನ ನಾಲ್ಕು ಪರದೆಗಳನ್ನು ಎರಡರ ಮೇಲೆ ಎರಡು ಜೋಡಿಸಿದರೆ ಏನಾಗುತ್ತದೋ ಅದೇ ಇದು. ವಿಂಡೋಸ್‌ನಲ್ಲಿ ಸ್ಕೇಲಿಂಗ್, ಅಂದರೆ ಅಕ್ಷರ ಎಷ್ಟು ದೊಡ್ಡದಾಗಿ ಕಾಣಬೇಕು ಅನ್ನುವುದನ್ನು, 125 ಪರ್ಸೆಂಟ್ ಇಟ್ಟು ಪಕ್ಕಪಕ್ಕ ಎರಡು ಶೀಟ್ ತೆರೆದರೆ, ಒಂದೊಂದೂ ನನ್ನ ಇಡೀ ಲ್ಯಾಪ್‌ಟಾಪಿನಷ್ಟು ಅಗಲ. ಒಂದೊಂದರಲ್ಲೂ 70 ಸಾಲು. ಮೊದಲ ಸಲ ಹೀಗೆ ತೆರೆದಾಗ ಒಂದು ಅಂಗಡಿಯ ತಿಂಗಳ ಖರೀದಿ ಪೂರ್ತಿ ಕಣ್ಣೆದುರೇ ಇತ್ತು. ಸ್ಕ್ರೋಲ್ ಮಾಡಲು ಹೋದ ಬೆರಳು ಹಾಗೇ ನಿಂತಿತು.

ಬಿಲ್ಲಿನ ಕಥೆ ಕೇಳಿ. ಗಿಳಿ ಅಂಗಡಿಯಲ್ಲಿ ‘ಕಚ್ಚಾ ಬಿಲ್ ಸಾಕಾ ಮೇಡಂ, ನಾಲ್ಕು ಸಾವಿರ ಕಮ್ಮಿ ಮಾಡ್ತೀನಿ’ ಅಂದರು. ಯಾರ ಹತ್ತಿರ! ಎದ್ದು ಬಂದೆ. ಪಕ್ಕದ ಗಲ್ಲಿಯಲ್ಲಿ ನನ್ನ ಜಿಎಸ್‌ಟಿ ನಂಬರು ಹಾಕಿ ಪಕ್ಕಾ ಬಿಲ್ ಕೊಟ್ಟರು. 56,000, ಅದರ ಮೇಲೆ ತೆರಿಗೆ 10,080, ಒಟ್ಟು 66,080. ಆ 10,080 ನನಗೆ ಕ್ರೆಡಿಟ್ ಸಿಗುತ್ತದೆ. ಕಚ್ಚಾ ಬಿಲ್ಲಿನ ನಾಲ್ಕು ಸಾವಿರಕ್ಕೆ ಆಸೆ ಬಿದ್ದಿದ್ದರೆ ಆರು ಸಾವಿರ ಕಳೆದುಕೊಳ್ಳುತ್ತಿದ್ದೆ. ಸ್ವಂತ ಕೆಲಸಕ್ಕೆ ತಗೊಳ್ಳುವವರು, ಜಿಎಸ್‌ಟಿ ನಂಬರ್ ಇದ್ದರೆ, ಇದೊಂದನ್ನು ಮರೆಯಬೇಡಿ.

ಮನೆಗೆ ತಂದ ದಿನ ಸ್ವಲ್ಪ ಗಾಬರಿಯಾಯಿತು. ಮೌಸ್ ಎಳೆದರೆ ಬಾಣದ ಗುರುತು ದೋಸೆ ಹಿಟ್ಟಿನಲ್ಲಿ ಈಜುತ್ತಿರುವ ಹಾಗೆ ತಡವರಿಸುತ್ತಿತ್ತು. 66 ಸಾವಿರ ನೀರಿಗೆ ಹಾಕಿದೆನಾ ಅಂತ ಹೊಟ್ಟೆಯೊಳಗೆ ಸಂಕಟ. ಮಗ ಬಂದು ನೋಡಿ, ‘ಅಮ್ಮ, ಹಳೇ ಎಚ್‌ಡಿಎಂಐ ವೈರ್ ಹಾಕಿದ್ದೀಯ’ ಅಂದ. ಲ್ಯಾಪ್‌ಟಾಪಿನ ಆ ಕಿಂಡಿ ಎಚ್‌ಡಿಎಂಐ 1.4. ಅದರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ, ಬೇಕಾಗುವುದು 60. ಡಬ್ಬದಲ್ಲೇ ಇದ್ದ ಯುಎಸ್‌ಬಿ-ಸಿ ವೈರ್ ಹಾಕಿದ, ಸರಿಹೋಯಿತು. ಅದೇ ವೈರಿನಲ್ಲಿ 90 ವಾಟ್‌ವರೆಗೆ ಚಾರ್ಜಿಂಗ್ ಕೂಡ ಬರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಈಗ ಕಪಾಟು ಸೇರಿದೆ. ಆದರೆ ಎಲ್ಲ ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ಕಿಂಡಿಯಲ್ಲೂ ಚಿತ್ರ ಬರುವುದಿಲ್ಲ. ದುಡ್ಡು ಕೊಡುವ ಮೊದಲು ಅದನ್ನು ನೋಡಿಕೊಳ್ಳಿ.

ನಿಜವಾದ ತೊಂದರೆ ವೈರಿನದ್ದಲ್ಲ, ನನ್ನ ಕುತ್ತಿಗೆಯದ್ದು. ನನಗೆ ಚಾಳೀಸು ಬಂದು ಆರು ವರ್ಷ. ಹಾಕುವುದು ಪ್ರೋಗ್ರೆಸಿವ್ ಕನ್ನಡಕ. ಅದರಲ್ಲಿ ಹತ್ತಿರದ್ದನ್ನು ನೋಡುವ ಜಾಗ ಕೆಳಗಡೆ ಇರುತ್ತದೆ. ಲ್ಯಾಪ್‌ಟಾಪ್ ಕೆಳಗೆ ಇದ್ದಾಗ ಸರಿ ಇತ್ತು. ಇದು ಗೋಡೆಯ ಹಾಗೆ ಎದುರು ನಿಂತಿದೆ. ಮೇಲಿನ ಸಾಲು ಓದಲು ಗದ್ದ ಎತ್ತಬೇಕು. ನಾಲ್ಕು ದಿನದಲ್ಲಿ ಕತ್ತು ಹಿಡಿಯಿತು. ನಮ್ಮನೆಯವರು ‘ಏನು, ಸೀಲಿಂಗಲ್ಲಿ ಲೆಕ್ಕ ಬರೆದಿದ್ದೀಯಾ’ ಅಂತ ಬೇರೆ ಕೇಳಿದರು.

ಕಣ್ಣಿನ ಡಾಕ್ಟರು ಟೇಪ್ ಹಿಡಿದು ಅಳೆದು ಬಾ ಅಂದರು. ಕಣ್ಣಿನಿಂದ ಪರದೆಗೆ 70 ಸೆಂಟಿಮೀಟರ್ ಅಂತ ಹೇಳಿದೆ. ಅಷ್ಟೇ ದೂರಕ್ಕೆ ಒಂದೇ ಪವರಿನ ಬೇರೆ ಕನ್ನಡಕ ಬರೆದುಕೊಟ್ಟರು. ಅದು ಬಂದ ಮೇಲೆ ಗದ್ದ ಕೆಳಗಿಳಿಯಿತು. ನಲವತ್ತು ದಾಟಿದವರು ದೊಡ್ಡ ಮಾನಿಟರಿನ ಖರ್ಚಿನಲ್ಲಿ ಇನ್ನೊಂದು ಕನ್ನಡಕವನ್ನೂ ಸೇರಿಸಿಕೊಳ್ಳಿ. ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ.

ಆ 70 ಸೆಂಟಿಮೀಟರ್ ಸಿಗುವುದೇ ಕಷ್ಟವಾಗಿತ್ತು. ನನ್ನ ಟೇಬಲ್ ಎರಡು ಅಡಿ ಆಳ, ಮುಂಬೈ ಮನೆಯಲ್ಲಿ ಅದಕ್ಕಿಂತ ದೊಡ್ಡದು ಎಲ್ಲಿ ಹಿಡಿಯುತ್ತದೆ? ಜೊತೆಗೆ ಬಂದ ಸ್ಟ್ಯಾಂಡ್ ಗಟ್ಟಿಮುಟ್ಟಾಗಿದೆ, ಮೇಲೆ ಕೆಳಗೆ 15 ಸೆಂಟಿಮೀಟರ್ ಸರಿಯುತ್ತದೆ. ಆದರೆ ಅದರ ಪಾದಕ್ಕೇ ಅಷ್ಟು ಜಾಗ ಹೋಯಿತು. ಕೊನೆಗೆ ಟೇಬಲ್ ಅಂಚಿಗೆ ಬಿಗಿಯುವ ತೋಳು ತರಿಸಿದೆ. ಹಿಂದುಗಡೆ 100 ಮಿಲಿಮೀಟರ್ ಅಂತರದ ನಾಲ್ಕು ತೂತು ಇರುತ್ತವೆ, ಅದಕ್ಕೆ ಸ್ಕ್ರೂ. ಈಗ ಪರದೆ ಗೋಡೆಗೆ ಒರಗಿದೆ, ಕೆಳಗೆ ಬಿಲ್ಲಿನ ಫೈಲು ಇಡಲು ಜಾಗವೂ ಆಯಿತು.

ಇನ್ನೊಂದು ವಿಷಯ. ಲ್ಯಾಪ್‌ಟಾಪಿನಷ್ಟೇ ಗಾತ್ರದ ಅಕ್ಷರವನ್ನು ಈಗ ದೂರದಿಂದ ನೋಡುತ್ತೇನೆ. ಸಂಜೆ ಕಣ್ಣು ಸೋತಾಗ 125 ಚಿಕ್ಕದು ಅನ್ನಿಸುತ್ತದೆ. ಆಗ 150 ಪರ್ಸೆಂಟಿಗೆ ಏರಿಸುತ್ತೇನೆ, ಸಾಲು 55ಕ್ಕೆ ಇಳಿಯುತ್ತದೆ. 14ರಿಂದ 20ರವರೆಗೆ 125, ಉಳಿದ ದಿನ 150. ಒಂದು ಹಳೇ ಕಾಲದ ಸಾಫ್ಟ್‌ವೇರ್ ಮಾತ್ರ ಈ ಸ್ಕೇಲಿಂಗ್‌ಗೆ ಒಗ್ಗದೆ ಮಂಜಾಗಿ ಕಾಣುತ್ತದೆ. ಅದನ್ನು ಲ್ಯಾಪ್‌ಟಾಪಲ್ಲೇ ತೆರೆಯುತ್ತೇನೆ.

ಸ್ಪೀಕರ್ ಇದರಲ್ಲಿ ಇಲ್ಲ. ಕ್ರಿಕೆಟ್ ನೋಡಲು ಬಂದ ಮಗನಿಗೆ ಬೇಸರ, ನನಗೆ ಸಂತೋಷ. ಕೀಬೋರ್ಡ್, ಮೌಸ್ ಒಂದನ್ನೇ ಎರಡು ಕಂಪ್ಯೂಟರಿಗೆ ಬಳಸುವ ಸೌಕರ್ಯ ಇದೆ. ಯಾರಾದರೂ ತಮ್ಮ ಲ್ಯಾಪ್‌ಟಾಪ್ ಹಿಡಿದು ಬಂದಾಗ ಉಪಯೋಗ. ಕಪ್ಪು ಬಣ್ಣ ಐಪಿಎಸ್ ಅನ್ನುವ ಜಾತಿಯ ಮಾಮೂಲಿ ಪರದೆಗಿಂತ ಗಾಢ, 2000:1 ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಅಂತರ) ಅಂತ ಕಂಪನಿ ಹೇಳುತ್ತದೆ. ಬಿಳಿ ಶೀಟಿನ ಮೇಲೆ ಕೆಲಸ ಮಾಡುವವಳಿಗೆ ಅದರಿಂದ ಆಗಬೇಕಾದ್ದು ಜಾಸ್ತಿ ಇಲ್ಲ.

ಆ ಬಾಗಿದ ಹಳೇ ಮಾನಿಟರನ್ನು ಟಿವಿ ಸಲಹೆ ಕೊಟ್ಟ ಶೆಟ್ರೇ ಒಯ್ದರು. ಅವರ ಹೋಟೆಲಿನ ಗಲ್ಲಾದ ಮೇಲೆ ಗೋಡೆಗೆ ಹಾಕಿ ಸಿಸಿಟಿವಿ ಜೋಡಿಸಿದ್ದಾರೆ. ಮೊನ್ನೆ ಲೆಕ್ಕದ ಪುಸ್ತಕ ತರಲು ಹೋದಾಗ ನೋಡಿದೆ. ಎಂಟು ಅಡಿ ದೂರದಿಂದ ಬಹಳ ಚೆನ್ನಾಗಿ ಕಾಣುತ್ತದೆ. ಮೂರನೇ ಟೇಬಲಿನವರು ದೋಸೆಗೆ ಎರಡನೇ ಸಲ ಚಟ್ನಿ ಹಾಕಿಸಿಕೊಂಡಿದ್ದೂ ಕಂಡಿತು.