ಎಯ್ಟೀಸ್ ಹಿಟ್ಸ್ ಎಲ್‌ಪಿ ತಗೊಳ್ಳುವವರು ದುಡ್ಡು ಕೊಡುವ ಮೊದಲು ಇದನ್ನು ಓದಿ

ಮಂಗಳೂರು, ಉಡುಪಿ ಕಡೆ ಹಳೇ ಇಂಗ್ಲಿಷ್ ಪಾಪ್ ಕೇಳುವವರು, ಅದರಲ್ಲೂ ಈಗ ಹೊಸತಾಗಿ ಟರ್ನ್‌ಟೇಬಲ್ ತಗೊಂಡು ಪ್ಲೇಟ್ ಹುಡುಕ್ತಾ ಇರುವವರು ದಯವಿಟ್ಟು ಪೂರ್ತಿ ಓದಿ. 1986ರಿಂದ 1989ರವರೆಗಿನ ಹಿಟ್ಸ್ ಅಂತ ಹೇಳಿ ಒಂದು ಡಬಲ್ ಎಲ್‌ಪಿ ಸೆಟ್, ಅಂದ್ರೆ ಎರಡು ದೊಡ್ಡ ಗ್ರಾಮಫೋನ್ ಪ್ಲೇಟ್, ಮಾರ್ತಾ ಇದ್ದಾರೆ, ಒಂದು ಪ್ಲೇಟ್ ಪಿಂಕ್, ಇನ್ನೊಂದು ನೀಲಿ, ಕವರ್ ಮೇಲೆ ದೊಡ್ಡ ಕ್ಯಾಸೆಟ್ಟಿನ ಚಿತ್ರ. 28 ಹಾಡು, 2,800 ರೂಪಾಯಿ. ತಗೊಳ್ಬೇಡಿ. ಮಾರಿದವರ ಹೆಸರು ಇಲ್ಲಿ ಹಾಕುದಿಲ್ಲ, ಕಂಪ್ಲೇಂಟ್ ನಡೀತಾ ಉಂಟು, ಆದ್ರೆ ಸೆಟ್ ಹೇಗಿದೆ ಅಂತ ಹೇಳಿದ್ದೇನೆ, ನೋಡಿದ ಕೂಡ್ಲೇ ಗೊತ್ತಾಗ್ತದೆ.

ಇಂಥದ್ದು ತಗೊಳ್ಳುವಾಗ ಎಲ್ಲರೂ ಎಂತ ಮಾಡ್ತಾರೋ ನಾನೂ ಅದನ್ನೇ ಮಾಡಿದ್ದು. ವಾಟ್ಸಾಪಲ್ಲಿ ಫೋಟೋ ಕೇಳಿದೆ, ಹಾಡಿನ ಲಿಸ್ಟ್ ಕೇಳಿದೆ, ಮತ್ತೆ ಬಿಡಿಸಿ ಕೇಳಿದೆ, ಇದು ಆ ಕಾಲದ ಒರಿಜಿನಲ್ ರೆಕಾರ್ಡಿಂಗೇ ಹೌದಾ ಅಂತ. ಬಂದ ಉತ್ತರ ಈಗಲೂ ಫೋನಲ್ಲಿ ಉಂಟು: "ಎಲ್ಲಾ ಒರಿಜಿನಲ್ ಆರ್ಟಿಸ್ಟ್ ಸರ್, ಡೌಟೇ ಬೇಡ." ಅದರ ಹಿಂದೆಯೇ ಸಾಲಾಗಿ ಸ್ಕ್ರೀನ್‌ಶಾಟ್, ಕೇಳಿದವರ ಅಭಿಪ್ರಾಯ ಅಂತೆ. "ಕಾಲೇಜ್ ದಿನ ನೆನಪಾಯ್ತು", "ಸೂಪರ್ ಕಲೆಕ್ಷನ್", "ಪ್ಯಾಕಿಂಗ್ ಬೆಂಕಿ", "ನೀಲಿ ಪ್ಲೇಟ್ ನೋಡ್ಲಿಕ್ಕೇ ಎಂತ ಚಂದ". ನೋಡ್ಲಿಕ್ಕೆ ಚಂದ! ಕೇಳ್ಲಿಕ್ಕೆ ಹೇಗುಂಟು ಅಂತ ಒಬ್ಬರೂ ಬರೆದದ್ದಿಲ್ಲ. ಕೇಳಿದವರೇ ಹೌದಾ ಅಂತ ನನಗೀಗ ಡೌಟ್.

ಮನೆಯಲ್ಲಿ ಅಕ್ಕ-ಬಾವನ ಮದುವೆಯ ವಾರ್ಷಿಕೋತ್ಸವ ಇತ್ತು, ಅದಕ್ಕೇ ಅಂತ ತಂದದ್ದು. ಬಾವ ಆ ಕಾಲದಲ್ಲಿ ಬಹ್ರೇನ್‌ನಲ್ಲಿ ಇದ್ದವರು. ನಮ್ಮೂರಲ್ಲಿ ಗಲ್ಫಿಂದ ಯಾರಾದ್ರೂ ರಜೆಗೆ ಬಂದ್ರೆ ಟೂ-ಇನ್-ವನ್, ಸೆಂಟ್, ಮತ್ತೆ ಕಟ್ಟು ಕಟ್ಟು ಕ್ಯಾಸೆಟ್ ಬರ್ತಿದ್ದದ್ದು ನಿಮಗೆಲ್ಲ ಗೊತ್ತುಂಟಲ್ಲ. ಬಾವನ ಹತ್ರ ಇದ್ದ ಮಾಡರ್ನ್ ಟಾಕಿಂಗ್ (ಜರ್ಮನಿಯ ಇಬ್ಬರ ಪಾಪ್ ಜೋಡಿ) ಕ್ಯಾಸೆಟ್ ಟೇಪ್ ಸವೆಯುವಷ್ಟು ಓಡಿದೆ, ಎಲ್ಲಿ ಉಸಿರು ತಗೊಳ್ತಾನೆ ಅಂತ ಸಹ ಅವರಿಗೆ ಬಾಯಿಪಾಠ. ಅಂಥವರ ಎದುರು, ಮನೆ ತುಂಬ ಜನ ಇರುವಾಗ, "ಬಾವ, ನಿಮಗೊಂದು ಸರ್ಪ್ರೈಸ್" ಅಂತ ಹೇಳಿ ನಾನು ಈ ಪ್ಲೇಟ್ ಹಾಕಿದ್ದು.

ಮೊದಲ ಹಾಡಿಗೇ ಬಾವ "ಇವನಿಗೆ ಶೀತವಾ?" ಅಂದ್ರು. ಎಲ್ಲರೂ ನಗಾಡಿದ್ರು, ನಾನೂ ನಗಾಡಿದೆ. ಆಮೇಲೆ ಮಾಡರ್ನ್ ಟಾಕಿಂಗ್‌ನವರ ಬ್ರದರ್ ಲೂಯಿ ಹಾಡು ಬಂತು. ಬಾವ ಖುಷಿಯಲ್ಲಿ ಎದ್ದು ನಿಂತು ಅಕ್ಕನ ಕೈ ಹಿಡಿದದ್ದೂ ಹಿಡಿದದ್ದೇ, ಸಾಲಿನ ಮಧ್ಯೆ ಯಾವನೋ ರಾಪ್ ಮಾಡ್ಲಿಕ್ಕೆ ಶುರು ಮಾಡಿದ. ಬಾವ ಕೈ ಬಿಟ್ರು. "ಇದೆಂತ ಮಾರಾಯ, ಇದರಲ್ಲಿ ರಾಪ್ ಯಾವಾಗ ಬಂತು? ಪೇಟೆಯಲ್ಲಿ ನಿನಗೆ ಯಾರೋ ಟೊಪ್ಪಿ ಹಾಕಿದ್ದಾರೆ." ಮನೆಯಲ್ಲಿ ಅಷ್ಟು ಜನ, ಎಲ್ಲರೂ ನನ್ನ ಮುಖ ನೋಡ್ತಾ ಇದ್ದಾರೆ, ಎಂತ ಹೇಳುದು? ಅಳಿಯ ಫೋನಲ್ಲಿ ನೋಡಿ "ಮಾಮ, ಇದು 98ರ ವರ್ಷನ್" ಅಂತ ಜೋರಾಗಿ ಓದಿದ. ಸರಿಯೇ. ಆ ಹಾಡು 1986ರದ್ದು, ಆ ಇಬ್ಬರು ಬೇರೆಯಾಗಿ 1998ರಲ್ಲಿ ಮತ್ತೆ ಒಟ್ಟಾದಾಗ ಹಳೇ ಹಿಟ್‌ಗಳನ್ನೇ ರಾಪ್ ಸೇರಿಸಿ ಹೊಸತಾಗಿ ಮಾಡಿ ಬಿಟ್ಟದ್ದು, ಅದು ಇಷ್ಟಪಡುವವರಿಗೆ ಇರ್ಲಿ, ನನಗೆ ಬೇಕಿದ್ದದ್ದು ಅದಲ್ಲ, ಕವರ್ ಮೇಲೆ ಬರೆದದ್ದೂ ಅದಲ್ಲ.

ಉಳಿದವು ಇನ್ನೂ ಕಷ್ಟ. ಕೆಲವು ಹಾಡಲ್ಲಿ ಹಾಡಿದವರು ಅವರೇ, ಆದ್ರೆ ವಯಸ್ಸಾದ ಮೇಲೆ ಹಾಡಿದ್ದು, ಶ್ರುತಿ ಕೆಳಗೆ ಇಳಿಸಿದ್ದಾರೆ, ಮೇಲಿನ ಸ್ವರ ಬರುವಲ್ಲಿ ಕೋರಸ್ ಹಾಕಿ ಮುಚ್ಚಿದ್ದಾರೆ. ಆ ಕಾಲದ ಡ್ರಮ್ಮಿನ ಪೆಟ್ಟು ಎದೆಗೆ ತಾಗ್ತಿತ್ತು ನೋಡಿ, ಅದು ಇಲ್ಲವೇ ಇಲ್ಲ, ಕೀಬೋರ್ಡಿನ ಟಪ್ ಟಪ್. ಅಂಜಲ್ ಮೀನಿನ ದುಡ್ಡು ತಗೊಂಡು ಅಗ್ಗದ ಬೂತಾಯಿ ಕೊಟ್ಟ ಹಾಗೆ.

ಮರುದಿನ ಬೆಳಿಗ್ಗೆ ಕವರ್ ಹಿಂದೆ ನೋಡ್ತೇನೆ, ಅಂಗಡಿಯವರ ರೇಟ್ ಸ್ಟಿಕ್ಕರ್ ಸರಿಯಾಗಿ ಕೆಳಗಿನ ಮೂಲೆಯಲ್ಲಿ ಅಂಟಿಸಿದ್ದು. ಅಷ್ಟು ದೊಡ್ಡ ಕವರಲ್ಲಿ ಬೇರೆ ಜಾಗ ಇರ್ಲಿಲ್ಲ ಅಂತ ಕಾಣ್ತದೆ. ತೆಂಗಿನೆಣ್ಣೆ ಹಾಕಿ ಉಗುರಲ್ಲಿ ಮೆಲ್ಲ ಕೆರೆದು ತೆಗೆದೆ. ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರ, ಕೆಲವು ಹಾಡುಗಳು ರೀ-ರೆಕಾರ್ಡಿಂಗ್ ಅಂತ. ಅದರ ಪಕ್ಕ ವೃತ್ತದೊಳಗೆ ಪಿ ಗುರುತು, 2009. ಆ ಪಿ ಅಂದ್ರೆ ರೆಕಾರ್ಡಿಂಗ್ ಹಕ್ಕಿನ ಗುರುತು, ಆ ರೆಕಾರ್ಡಿಂಗ್ ಮೊದಲು ಹೊರಗೆ ಬಂದ ವರ್ಷ ಅಲ್ಲಿ ಹಾಕುದು. ಮುಂದೆ 1986-89, ಹಿಂದೆ 2009, ಮೇಲೆ ಸ್ಟಿಕ್ಕರ್.

ಫೋಟೋ ತೆಗೆದು ಕಳಿಸಿದೆ. ಉತ್ತರಗಳನ್ನು ನೋಡಿ, ನಾನು ಒಂದಕ್ಷರ ಸೇರಿಸಿಲ್ಲ.

"ಸರ್, ಹಾಡಿದ್ದು ಒರಿಜಿನಲ್ ಆರ್ಟಿಸ್ಟೇ ಅಲ್ವಾ, ನಾವು ಸುಳ್ಳು ಹೇಳಿಲ್ಲ."

ನಾನು ಕೇಳಿದ್ದು ರೆಕಾರ್ಡಿಂಗ್ ಮಾರಾಯ್ರೆ ಅಂದೆ. "ಹೊಸ ರೆಕಾರ್ಡಿಂಗಲ್ಲಿ ಕ್ಲಾರಿಟಿ ಇನ್ನೂ ಜಾಸ್ತಿ ಸರ್."

ವಾಪಸ್ ತಗೊಳ್ಳಿ ಅಂದೆ. "ಸೀಲ್ ಒಡೆದ ಮೇಲೆ ರಿಟರ್ನ್ ಇಲ್ಲ ಸರ್." ಸೀಲ್ ಒಡೆಯದೆ ಪ್ಲೇಟ್ ಹೇಗೆ ಕೇಳುದು, ಕವರಿಗೆ ಕಿವಿ ಇಟ್ಟಾ? ಇದನ್ನೂ ಕೇಳಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಸಂಜೆ ಬಂದದ್ದು ಎಲ್ಲಕ್ಕಿಂತ ದೊಡ್ಡದು: "ಟೇಲರ್ ಸ್ವಿಫ್ಟ್ ಸಹ ರೀ-ರೆಕಾರ್ಡ್ ಮಾಡಿದ್ದಾಳೆ ಸರ್, ಈಗ ಅದೇ ಟ್ರೆಂಡ್."

ಹೌದು, ಆ ಅಮೆರಿಕದ ಹಾಡುಗಾರ್ತಿ ಮಾಡಿದ್ದಾಳೆ, 2021ರಿಂದ. ಮಾಸ್ಟರ್ ಟೇಪ್, ಅಂದ್ರೆ ಮೂಲ ರೆಕಾರ್ಡಿಂಗ್, ಹೆಚ್ಚಾಗಿ ಕಂಪನಿ ಕೈಯಲ್ಲಿ ಇರ್ತದೆ, ಹಾಡಿದವರಿಗೆ ಅದರ ಮೇಲೆ ಹಿಡಿತ ಇಲ್ಲ, ಹಾಗಾಗಿ ಮತ್ತೊಮ್ಮೆ ಹಾಡಿ ಸ್ವಂತ ಮಾಸ್ಟರ್ ಮಾಡ್ಕೊಳ್ತಾರೆ, ಅದರಲ್ಲಿ ತಪ್ಪೆಂತ ಇಲ್ಲ. ಆದ್ರೆ ಅವಳು ಇದು ನನ್ನ ವರ್ಷನ್ ಅಂತ ಆಲ್ಬಮ್ಮಿನ ಹೆಸರಲ್ಲೇ ಹಾಕಿದ್ದಾಳೆ, ಮೇಲಿಂದ ರೇಟ್ ಸ್ಟಿಕ್ಕರ್ ಅಂಟಿಸಿಲ್ಲ. ಇಂಥ ಕಲೆಕ್ಷನ್ ತಯಾರಿಸಿ ಮಾರುವವರಿಗೆ ಒರಿಜಿನಲ್ ಮಾಸ್ಟರಿನ ಲೈಸೆನ್ಸ್ ದುಬಾರಿ, ಮರು ರೆಕಾರ್ಡಿಂಗ್ ಅಗ್ಗಕ್ಕೆ ಸಿಗ್ತದೆ, ವಿಷಯ ಅಷ್ಟೇ. ಅಗ್ಗದ ಮಾಲು ಅಗ್ಗಕ್ಕೆ ಮಾರಿ ಮಾರಾಯ್ರೆ, 2,800 ಯಾಕೆ? ಎಂಬತ್ತರ ಕೊನೆಯಲ್ಲೇ ಮಿಲಿ ವನಿಲಿ ಅಂತ ಇಬ್ಬರಿದ್ರು, ಬೇರೆಯವರು ಹಾಡಿದ್ದಕ್ಕೆ ತುಟಿ ಆಡಿಸಿದ್ದು ಗೊತ್ತಾಗಿ 1990ರಲ್ಲಿ ಅವರ ಗ್ರ್ಯಾಮಿ ಪ್ರಶಸ್ತಿಯನ್ನೇ ವಾಪಸ್ ತಗೊಂಡ್ರು. ಗ್ರ್ಯಾಮಿ ವಾಪಸ್ ಹೋಗ್ತದೆ, ನನ್ನ 2,800 ಬರುದಿಲ್ಲ.

ಸೌಂಡಿನ ಕಥೆ ಬೇರೆಯೇ. 28 ಹಾಡು ನಾಲ್ಕು ಸೈಡಿಗೆ ಹಂಚಿದ್ರೆ ಸೈಡಿಗೆ ಏಳು. ಒಂದು ಸೈಡಲ್ಲಿ ಇಪ್ಪತ್ತು, ಇಪ್ಪತ್ತೆರಡು ನಿಮಿಷ ಇದ್ರೆ ಲಾಯ್ಕ ಕೇಳ್ತದೆ, ಇವರು ಅರ್ಧ ಗಂಟೆ ಹತ್ರ ತುರುಕಿದ್ದಾರೆ. ಪ್ಲೇಟಿನ ಮೇಲೆ ಸೂಜಿ ಓಡುವ ಗೆರೆ ಒತ್ತೊತ್ತಾಗಿ ಬರಬೇಕು ಅಂದ್ರೆ ವಾಲ್ಯೂಮ್ ಇಳಿಸ್ಲೇಬೇಕು, ಬೇಸ್ ಕಡಿಮೆ ಮಾಡ್ಲೇಬೇಕು. ನಾನು ಆಂಪ್ಲಿಫೈಯರ್ ಹಾಳಾಯ್ತು ಅಂತ ಪೊಕ್ಕಡೆ ವೈರ್ ಎಲ್ಲ ಬಿಚ್ಚಿ ಕೂತಿದ್ದೆ.

ಆಮೇಲೆ ಈ ಸೆಟ್ ತಗೊಂಡ ಬೇರೆಯವರ ಹತ್ರ ವಿಚಾರಿಸಿದೆ. ಒಬ್ಬರು, ಆಗ ಹುಟ್ಟಿಯೇ ಇರದವರು, ಪಾರ್ಟಿಗೆ ಸಾಕು, ಡ್ಯಾನ್ಸ್ ಮಾಡುವಾಗ ಯಾರು ಕೇಳ್ತಾರೆ ಅಂದ್ರು. ಇರ್ಲಿ. ಉಡುಪಿಯ ಒಬ್ಬರು ಮೊದಲ ಸೈಡ್ ಮುಗಿಯುವ ಮೊದಲೇ ಸೂಜಿ ಎತ್ತಿದ್ರಂತೆ. ಅವರು ಅದನ್ನು ಮಾರಿದವರಿಗೆ ಬರೆದು ಕಳಿಸಿದ್ದೂ ಹೌದು. ನನಗೆ ಬಂದ ಸ್ಕ್ರೀನ್‌ಶಾಟ್ ರಾಶಿಯಲ್ಲಿ ಅದು ಮಾತ್ರ ಇರ್ಲಿಲ್ಲ, ನೋಡಿ ಹೇಗೆ!

ತಗೊಳ್ಳುವವರಿಗೆ ಹೇಳುದಿಷ್ಟೇ: ಕವರ್ ಹಿಂದಿನ ಪಿ ಗುರುತಿನ ಹತ್ರದ್ದು ಕ್ಲೋಸಪ್ ಫೋಟೋ ಕೇಳಿ, ಸ್ಟಿಕ್ಕರ್ ಇದ್ರೆ ತೆಗೆಸಿ, ಹಾಡಿನ ಹೆಸರಿನ ಪಕ್ಕದಲ್ಲೇ ಹಳೇ ವರ್ಷ ಕಾಣದಿದ್ರೆ ಬಿಟ್ಟುಬಿಡಿ. ಅಂಗಡಿಯಲ್ಲಿ ಒಂದು ಹಾಡು ಹಾಕಿ ತೋರಿಸುದಿಲ್ಲ ಅಂದ್ರೆ ಎದ್ದು ಬನ್ನಿ. ಚಂದ ಉಂಟು ಚಂದ ಉಂಟು ಅನ್ನುವ ಅಭಿಪ್ರಾಯ ಎಷ್ಟು ಬಂದ್ರೂ ನಂಬ್ಬೇಡಿ, ಯಾವ ಹಾಡು, ಯಾವ ಸ್ವರ ಅಂತ ಬರೆದವರನ್ನು ಮಾತ್ರ ನಂಬಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟಿದ್ದೇನೆ, ಚಾಟ್ ಸಮೇತ. ಅದು ಗೊತ್ತಾದ ಮೇಲೆ ಅವರಿಂದ ಹೊಸ ಮೆಸೇಜ್: "500 ರೂಪಾಯಿ ಕೂಪನ್ ಕೊಡ್ತೇವೆ ಸರ್, ನೈಂಟೀಸ್ ಸೆಟ್ ಸಹ ಬಂದಿದೆ." ಇದೇ ಪಿಂಕ್-ನೀಲಿ ಸೆಟ್ ತಗೊಂಡವರು ಯಾರಾದ್ರೂ ಇದ್ರೆ ಸ್ಟಿಕ್ಕರ್ ಕಿತ್ತು, ಅಡಿಯ ಫೋಟೋ ನನಗೆ ಕಳಿಸಿ, ಕಂಪ್ಲೇಂಟಿಗೆ ಸೇರಿಸ್ತೇನೆ. ತೆಂಗಿನೆಣ್ಣೆ ಹಾಕಿಯೇ ಕೀಳಿ, ಇಲ್ಲದಿದ್ರೆ ಅಕ್ಷರವೂ ಒಟ್ಟಿಗೇ ಬರ್ತದೆ.