ಪೋಲೋ ಜಿಟಿಗೆ ಹೊಂದಿಸಬಹುದಾದ ಸಸ್ಪೆನ್ಶನ್: ಹುಬ್ಬಳ್ಳಿ–ಧಾರವಾಡದ ರಸ್ತೆಯಲ್ಲಿ ಬಿ.ಸಿ. ರೇಸಿಂಗ್ ಬಿಆರ್

ಧಾರವಾಡದಿಂದ ಹುಬ್ಬಳ್ಳಿಗೆ ದಿನವೂ ಓಡುವ ಫೋಕ್ಸ್‌ವ್ಯಾಗನ್ ಪೋಲೋ ಜಿಟಿಗೆ ಬಿ.ಸಿ. ರೇಸಿಂಗ್ (BC Racing) ಕಂಪನಿಯ ಬಿಆರ್ ಸರಣಿಯ ಕಾಯಿಲ್‌ಓವರ್ ಸೆಟ್, ಅಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕಪ್ (ಶಾಕ್ ಅಬ್ಸಾರ್ಬರ್) ಜೋಡಿ, ಹಾಕಿಸಿದ್ದೇನೆ. ಗಾಡಿಯನ್ನು ಎಷ್ಟು ಇಳಿಸಬಹುದು ಎಂಬ ಲೆಕ್ಕವನ್ನು ಬದಿಗಿಟ್ಟು, ಇಳಿಸಿದ ಮೇಲೂ ಶಾಕಪ್ ಆಡುವುದಕ್ಕೆ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನೇ ನೋಡಿ ಆರಿಸಿದ ಸೆಟ್ ಇದು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ನನಗೆ ತೃಪ್ತಿಯಿದೆ. ಆದರೆ ಪೋಲೋ ಇರುವವರೆಲ್ಲ ಇದನ್ನೇ ಹಾಕಿಸಲಿ ಎಂದು ಹೇಳಲಾರೆ.

ಕಾಯಿಲ್‌ಓವರ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಗುಣದ ಸರಕು ಮಾರಾಟವಾಗುತ್ತದೆ. ಬಿಲ್‌ಸ್ಟೀನ್ ಕಂಪನಿಯ ಬಿ14 ಮತ್ತು ಕೆಡಬ್ಲ್ಯೂ ಕಂಪನಿಯ ವೇರಿಯಂಟ್ 1ರಲ್ಲಿ ಎತ್ತರವನ್ನು ಮಾತ್ರ ಬದಲಿಸಬಹುದು. ಡ್ಯಾಂಪಿಂಗ್, ಅಂದರೆ ಸ್ಪ್ರಿಂಗಿನ ಕುಣಿತವನ್ನು ಶಾಕಪ್ ತಡೆಯುವ ಬಿಗಿ, ಕಾರ್ಖಾನೆಯಲ್ಲೇ ನಿಗದಿಯಾಗಿ ಬರುತ್ತದೆ. ವೇರಿಯಂಟ್ 2ರಲ್ಲಿ ರಿಬೌಂಡ್ (ಶಾಕಪ್ ಚಾಚುವಾಗಿನ ಬಿಗಿ) ಕೂಡ ಕೈಗೆ ಸಿಗುತ್ತದೆ, ವೇರಿಯಂಟ್ 3ರಲ್ಲಿ ರಿಬೌಂಡ್ ಮತ್ತು ಕಂಪ್ರೆಶನ್ (ಕುಗ್ಗುವಾಗಿನ ಬಿಗಿ) ಎರಡನ್ನೂ ಬೇರೆ ಬೇರೆಯಾಗಿ ತಿದ್ದಿಕೊಳ್ಳಬಹುದು. ಬಿಆರ್‌ನಲ್ಲಿರುವುದು ಒಂದೇ ನಾಬ್, 30 ಹಂತ. ತಿರುಗಿಸಿದರೆ ಎರಡೂ ಒಟ್ಟಿಗೆ ಬಿಗಿಯಾಗುತ್ತವೆ. ಸೂಕ್ಷ್ಮ ಹೊಂದಾಣಿಕೆಯಲ್ಲಿ ವೇರಿಯಂಟ್ 3 ಮೇಲು ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಆಫೀಸಿಗೆ ಹೋಗಿಬರುವ ಕಾರಿಗೆ ಅಷ್ಟು ತಿದ್ದುಪಡಿ ಬೇಕಾಗುವುದಿಲ್ಲ. ಡ್ಯಾಂಪಿಂಗ್ ಬದಲಿಸಲಾಗದ ಬಿ14 ಅನ್ನು ನಾನು ಅದರ ಗುಣಕ್ಕಾಗಿ ಬಿಡಲಿಲ್ಲ, ಇಳಿಕೆಯ ಲೆಕ್ಕಕ್ಕಾಗಿ ಬಿಟ್ಟೆ. ಯುರೋಪಿನ ಸೆಟ್‌ಗಳು ಇಳಿಕೆಯನ್ನು ಅಲ್ಲಿನ ಕಾರಿನ ಎತ್ತರದಿಂದ ಅಳೆಯುತ್ತವೆ. ನಮ್ಮ ದೇಶದ ಪೋಲೋ ನೆಲದಿಂದ 165ರಿಂದ 168 ಮಿ.ಮೀ. ಎತ್ತರವಿರುವಂತೆ ಇಲ್ಲಿನ ರಸ್ತೆಗೆಂದೇ ಏರಿಸಿದ್ದು. ಆದ್ದರಿಂದ ಅಲ್ಲಿನ ಪಟ್ಟಿಯಲ್ಲಿ 30 ಮಿ.ಮೀ. ಎಂದು ಬರೆದದ್ದು ಇಲ್ಲಿ ಅದಕ್ಕಿಂತ ಹೆಚ್ಚೇ ಇಳಿಯುತ್ತದೆ.

ಎತ್ತರ ಬದಲಿಸುವ ಬಗೆಯೂ ಮುಖ್ಯ. ಸ್ಪ್ರಿಂಗ್ ಕೂತಿರುವ ಕಾಲರನ್ನು ಕೆಳಗೆ ತಿರುಗಿಸಿ ಗಾಡಿ ಇಳಿಸುವ ರಚನೆಯಲ್ಲಿ, ಇಳಿಸಿದಷ್ಟೂ ಶಾಕಪ್‌ನ ದಂಡ ಒಳಗೆ ಹೋಗಿ ಕೂರುತ್ತದೆ, ಉಳಿದ ಆಟ ಕಡಿಮೆಯಾಗುತ್ತದೆ. ಸ್ವಲ್ಪ ದೊಡ್ಡ ತಗ್ಗು ಬಂದರೂ ಆಟದ ಕೊನೆಯಲ್ಲಿರುವ ತಡೆಗೆ (ಬಂಪ್ ಸ್ಟಾಪ್) ಬಡಿಯುತ್ತದೆ. ಬಿಆರ್‌ನ ಮುಂದಿನ ಶಾಕಪ್‌ನಲ್ಲಿ ಕೆಳಗಿನ ಬ್ರಾಕೆಟ್ಟೇ ಚೂಡಿಯ (ಸ್ಕ್ರೂವಿನಂಥ ಸುರುಳಿ ಗೆರೆಗಳ) ಮೇಲೆ ಏರಿಳಿಯುವುದರಿಂದ ಸ್ಪ್ರಿಂಗಿನ ಒತ್ತಡವನ್ನಾಗಲಿ ಶಾಕಪ್‌ನ ಆಟವನ್ನಾಗಲಿ ಮುಟ್ಟದೆ ಎತ್ತರ ಇಳಿಸಬಹುದು. ಪೋಲೋದ ಹಿಂದೆ ಎರಡೂ ಚಕ್ರಗಳನ್ನು ಜೋಡಿಸುವ ಟಾರ್ಶನ್ ಬೀಮ್ ಎಂಬ ತೊಲೆ ಇದ್ದು, ಸ್ಪ್ರಿಂಗ್ ಬೇರೆ, ಶಾಕಪ್ ಬೇರೆ. ಅಲ್ಲಿ ಸ್ಪ್ರಿಂಗ್ ಕೂರುವ ಕಪ್ಪನ್ನು ತಿರುಗಿಸಿ ಎತ್ತರ ಬದಲಿಸಬೇಕು. ಹಾಗೆಂದು ಮುಂದೆ ಎಷ್ಟು ಬೇಕಾದರೂ ಇಳಿಸಬಹುದು ಎಂದುಕೊಳ್ಳಬೇಡಿ. ಪೋಲೋದ ಮುಂದಿರುವಂತೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕಪ್ಪೇ ಚಕ್ರವನ್ನು ಮೇಲಿನಿಂದ ಹಿಡಿಯುವ ರಚನೆ) ಇರುವ ಕಾರಿನಲ್ಲಿ ಚಕ್ರವನ್ನು ಕೆಳಗಿನಿಂದ ಹಿಡಿಯುವ ಆರ್ಮ್ ಸಮಮಟ್ಟವನ್ನು ದಾಟಿ ಮೇಲಕ್ಕೆ ಓರೆಯಾದರೆ, ಕಾರಿನ ಭಾರಕೇಂದ್ರ ಇಳಿದದ್ದಕ್ಕಿಂತ ಹೆಚ್ಚಾಗಿ ರೋಲ್ ಸೆಂಟರ್ (ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಇಳಿದುಬಿಡುತ್ತದೆ. ತಿರುವಿನಲ್ಲಿ ವಾಲುವ ಪ್ರವೃತ್ತಿ ಹೆಚ್ಚುತ್ತದೆ. ನೆಲ ಸವರುವಂತೆ ಇಳಿಸಿದ ಕಾರುಗಳು ನೋಡುವುದಕ್ಕಷ್ಟೇ ಚುರುಕು. ನಾನು ಇಳಿಸಿದ್ದು 15 ಮಿ.ಮೀ. ಮಾತ್ರ.

ಇನ್ನು ನಮ್ಮ ರಸ್ತೆಗಳ ವಿಷಯ. ಗದಗ, ನವಲಗುಂದದ ಕಡೆಯ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಅದರ ಮೇಲಿನ ಡಾಂಬರು ಒಡೆಯದಿದ್ದರೂ ಅಲೆಅಲೆಯಾಗುತ್ತದೆ. ಎಂಬತ್ತರ ವೇಗದಲ್ಲಿ ಇಂತಹ ಅಲೆಯನ್ನು ದಾಟುವಾಗ ಸ್ಪ್ರಿಂಗ್ ಕುಗ್ಗಿದ್ದನ್ನು ಒಮ್ಮೆಲೇ ಬಿಟ್ಟುಕೊಟ್ಟರೆ ಕಾರು ಮೇಲಕ್ಕೆ ತೇಲಿ, ಮುಂದಿನ ಅಲೆಗೆ ಸಿದ್ಧವಾಗುವ ಮೊದಲೇ ಕೆಳಗೆ ಬೀಳುತ್ತದೆ. ಕಂಪನಿಯ ಹಳೆಯ ಶಾಕಪ್‌ನಲ್ಲಿ ಹಾಗಾಗುತ್ತಿತ್ತು; ಈಗ ಒಂದೇ ಏರಿಳಿತಕ್ಕೆ ನಿಲ್ಲುತ್ತದೆ. ಹಂಪ್‌ಗಳದ್ದು ಬೇರೆ ಕಥೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿ ಹಂಪ್‌ಗೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಹೇಳಿತ್ತು, ಬಡಾವಣೆಗಳಲ್ಲಿ ನಮಗೆ ಸಿಗುವುದು ಬಣ್ಣವೂ ಇಲ್ಲದ ಕಿರಿದಾದ ದಿಬ್ಬ. ಅಲ್ಲಿ ಡ್ಯಾಂಪಿಂಗ್ ಬಿಗಿಯಾಗಿದ್ದರೆ ಏಟು ನೇರವಾಗಿ ಬೆನ್ನಿಗೆ. ಮೆತ್ತಗಿನ ತುದಿಯಿಂದ ಎಣಿಸಿದರೆ ಹತ್ತನೇ ಹಂತದ ಆಸುಪಾಸು ನಗರಕ್ಕೆ ಸಾಕು. ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿಯುವ ದಿನ ಮೂರು ನಾಲ್ಕು ಹಂತ ಏರಿಸಿಕೊಳ್ಳುತ್ತೇನೆ. ಇಪ್ಪತ್ತರ ಮೇಲಿನ ಹಂತಗಳು ದಿನಬಳಕೆಯ ಮನುಷ್ಯನಿಗೆ ಬೇಕಾಗಿಲ್ಲ. ನಾಬ್ ಬಿಗಿ ಮಾಡಿದರೆ ಕಾರು ವಾಲುವುದು ನಿಧಾನವಾಗುತ್ತದೆಯೇ ಹೊರತು, ಉದ್ದನೆಯ ತಿರುವಿನಲ್ಲಿ ಕೊನೆಗೆ ಎಷ್ಟು ವಾಲಬೇಕೋ ಅಷ್ಟು ವಾಲಿಯೇ ವಾಲುತ್ತದೆ. ಅದನ್ನು ತಡೆಯುವುದು ಸ್ಪ್ರಿಂಗ್ ಮತ್ತು ಎಡಬಲದ ಚಕ್ರಗಳನ್ನು ಜೋಡಿಸುವ ಆ್ಯಂಟಿ-ರೋಲ್ ಬಾರ್ ಎಂಬ ಸರಳು.

ಕೂರಿಸುವ ಕೈ ಸರಿಯಿಲ್ಲದಿದ್ದರೆ ಒಳ್ಳೆಯ ಸೆಟ್ಟೂ ಹಾಳು. ಮೊದಲು ವಿಚಾರಿಸಿದ ಒಂದು ಗ್ಯಾರೇಜಿನಲ್ಲಿ ಗಾಡಿ ಲಿಫ್ಟಿನ ಮೇಲೆ ತೂಗಾಡುತ್ತಿರುವಾಗಲೇ ಬುಶ್‌ಗಳ (ಕೀಲುಗಳಲ್ಲಿರುವ ರಬ್ಬರ್ ತೋಳುಗಳ) ಬೋಲ್ಟುಗಳನ್ನು ಪೂರ್ತಿ ಬಿಗಿಯುತ್ತಿದ್ದರು. ಹಾಗೆ ಮಾಡಿದರೆ ಚಕ್ರ ನೆಲಕ್ಕೆ ತಾಗಿದೊಡನೆ ಬುಶ್‌ನ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಕೊನೆಗೆ ಕೆಲಸ ಕೊಟ್ಟ ಗೋಕುಲ ರಸ್ತೆಯ ಮೇಸ್ತ್ರಿ, “ಇಳಸೂದು ಯಾರರ ಇಳಸ್ತಾರ್ರಿ ಸರ, ಮ್ಯಾಲೆ ಎಷ್ಟ ಜಾಗಾ ಉಳೀತು ಅದನ್ನ ನೋಡ್ರಿ” ಎಂದು ಮಾತಿಗೆ ಮೊದಲೇ ಹೇಳಿದ್ದು ನನಗೆ ಹಿಡಿಸಿತು. ನನ್ನನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ನಾಲ್ಕೂ ಕಡೆ ಚಕ್ರದ ನಡುವಿನಿಂದ ಫೆಂಡರಿನ ಅಂಚಿಗೆ ಟೇಪು ಹಿಡಿದು, ಬಲಗಡೆಯ ಕಾಲರನ್ನು ಕೊಕ್ಕೆ ಪಾನಾದಲ್ಲಿ ಅರ್ಧ ಸುತ್ತು ಏರಿಸಿ, ಆಮೇಲೆ ಬುಶ್ ಬಿಗಿದು ಅಲೈನ್‌ಮೆಂಟಿಗೆ ಕಳುಹಿಸಿದರು.

ಮುಂದಿನ ಶಾಕಪ್‌ನ ಮೇಲ್ತುದಿಯಲ್ಲಿ ರಬ್ಬರಿನ ಬದಲು ಪಿಲ್ಲೋಬಾಲ್ ಎಂಬ ಲೋಹದ ಗುಂಡು ಕೀಲು ಇರುವುದರಿಂದ ಒರಟು ರಸ್ತೆಯ ಸದ್ದು ಒಳಗೆ ಕೇಳುತ್ತದೆ. ಅದು ದೋಷವಲ್ಲ, ರಚನೆಯ ಗುಣ. ಆದರೂ ಹಿಂದಿನ ಸೀಟಿನಲ್ಲಿ ವಯಸ್ಸಾದವರನ್ನು ದಿನವೂ ಕರೆದೊಯ್ಯುವವರು ಇದನ್ನು ಕೈಬಿಟ್ಟು, ಎತ್ತರ ಬದಲಿಸದ ಬಿಲ್‌ಸ್ಟೀನ್ ಬಿ6 ಶಾಕಪ್ ಹಾಕಿಸುವುದೇ ಮೇಲು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ವಿವರಗಳ ಬದಲಾವಣೆಗೆ ನಿರ್ಬಂಧ ಹಾಕುವುದರಿಂದ, ಹಣ ಕೊಡುವ ಮೊದಲೇ ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ. ಕಂಪನಿಯ ಶಾಕಪ್ ಮತ್ತು ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕದೆ ಮನೆಯಲ್ಲೇ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ ಚೂಡಿಗೆ ಮೆತ್ತಿದ ಕೆಸರನ್ನು ಬ್ರಶ್ಶಿನಿಂದ ತೊಳೆದು ಒಣಗಿಸಿ ಗ್ರೀಸ್ ಸವರದಿದ್ದರೆ ಕಾಲರು ಹಿಡಿದುಕೊಂಡು, ಹೊಂದಿಸಬಹುದೆಂದು ಕೊಂಡ ಸೆಟ್ಟು ಹೊಂದಿಸಲಾರದ ಸೆಟ್ಟಾಗುತ್ತದೆ.